ಹನ್ನೊಂದನೆಯ ಪ್ರಶ್ನೆ

ಧೂಮಪಾನ? ಇಲ್ಲ. ಸಕ್ಕರೆ ಕಾಯಿಲೆ? ಅಂಚಿನಲ್ಲಿದೆ.
ಕಟ್ಟಿಸಿದ ಹಲ್ಲು? ಎರಡು, ಕೆಳಗೆ, ಎಡಕ್ಕೆ.
ಸರಸರ ಇಳಿದ ಪೆನ್ನು
ಹನ್ನೊಂದರಲ್ಲಿ ನಿಂತಿತು, ಒಸೋರಿಯೊ:
'ನಿದ್ದೆಯಲ್ಲಿ ನಿಮ್ಮ ಉಸಿರು ನಿಲ್ಲುವುದನ್ನು
ಯಾರಾದರೂ ಕಂಡಿದ್ದಾರೆಯೇ?'

ಯಾರು ಕಾಣಬೇಕು?
ಕಾಣಬೇಕಾದ ನೀನು
ಬಹುಮಹಡಿ ಸ್ಮಶಾನದ ಒಂಬತ್ತನೆಯ ಅಂತಸ್ತಿನ ಗೂಡಿನಲ್ಲಿ
ಆರು ವರ್ಷದಿಂದ ಮಗ್ಗುಲು ಬದಲಿಸದೆ ಮಲಗಿದ್ದೀಯ.
ನನ್ನ ನಿದ್ದೆ ನನಗೆ ಹೇಗೆ ಗೊತ್ತು?
ತನ್ನ ಬೆನ್ನು ತಾನು ಕಂಡವರುಂಟೆ?
'ಇಲ್ಲ' ಎಂದು ಗೀಟು ಹಾಕಿದೆ.

ಸಾಂಟೋಸಿನ ಅರ್ಧ ಊರಿನ ಸೊಂಟ
ನನ್ನ ಟೇಪಿನೊಳಗೆ ಹಾದುಹೋಗಿದೆ.
ಬಿಗಿಯಾದದ್ದು ಬಿಚ್ಚಿದ್ದೇನೆ, ಸಡಿಲಾದದ್ದು ಹಿಡಿದಿದ್ದೇನೆ,
ಮದುವಣಗಿತ್ತಿಯರ ಮೂರು ತಿಂಗಳ ಗುಟ್ಟನ್ನು
ನೆರಿಗೆಯಲ್ಲಿ ಮುಚ್ಚಿಟ್ಟಿದ್ದೇನೆ.
ಕನ್ನಡಿಯಲ್ಲಿ ಅವರ ಭುಜದ ಹಿಂದೆ
ಗುಂಡುಸೂಜಿ ಕಚ್ಚಿದ ನನ್ನದೇ ಮುಖ:
ಗದ್ದದ ಕೆಳಗೆ ಇನ್ನೊಂದು ಗದ್ದ,
ಅದರ ಕೆಳಗೆ, ಅಳತೆ ತಪ್ಪಿದ ತೋಳಿನ ಹಾಗೆ
ಜೋತುಬಿದ್ದ ಕತ್ತು.
ಬಟ್ಟೆಯಾಗಿದ್ದರೆ ಅರ್ಧ ಗಂಟೆಯ ಕೆಲಸ.
ಹತ್ತೊಂಬತ್ತು ತಿಂಗಳು ಬಿಸ್ಕತ್ತಿನ ಡಬ್ಬಿ ತುಂಬಿಸಿದೆ.
ಈ ವಯಸ್ಸಿನಲ್ಲಿ ಯಾರಿಗಾಗಿ ಎಂದು ಕೇಳಬೇಡ.
ಕೇಳಿದ ನಿನ್ನ ತಂಗಿಗೆ ಹೇಳಿದ್ದೇನೆ:
ಕನ್ನಡಿಗಾಗಿ, ಅದಕ್ಕೂ ಬೇಸರ ಬಂದಿದೆ.

ಅರಿವಳಿಕೆ ಕೊಡುವ ಡಾಕ್ಟರು ಇರಾಸಿ, ಚಿಕ್ಕ ಹುಡುಗಿ,
ನನ್ನ ಕತ್ತಿಗೇ ಟೇಪು ಸುತ್ತಿದಳು. ನನ್ನ ಕತ್ತಿಗೆ, ಟೇಪು!
ನಲವತ್ತೆರಡು ಎಂದಳು. ಬಾಯಿ ತೆರೆಸಿ
ಕಿರುನಾಲಿಗೆ ಹುಡುಕಿದಳು, ಸಿಗಲಿಲ್ಲ.
'ಹಗಲು ತೂಕಡಿಕೆ?'
ಮಿಷನ್ನಿನ ಮೇಲೆ. ದಾಟುದೋಣಿಯಲ್ಲಿ. ಪಾದ್ರಿ ಮಾತಾಡುವಾಗ.
'ಅದು ಎಲ್ಲರಿಗೂ' ಎಂದು ನಕ್ಕೆ. ಅವಳು ನಗಲಿಲ್ಲ.
'ನಾನು ಕೊಡುವ ನಿದ್ದೆ ನಿಮ್ಮದರಂತಲ್ಲ,
ಅದರೊಳಗಿಂದ ಗಾಬರಿಬಿದ್ದು ಏಳಲಾಗದು.
ಆಮೇಲೆ ನೋವಿನ ಮದ್ದು, ಕತ್ತಿನ ಸುತ್ತ ಬಿಗಿಪಟ್ಟಿ.
ರಾತ್ರಿ ಮನೆಯಲ್ಲಿ ಜೊತೆಗೆ ಯಾರು?'
ಸಾರ್ಜೆಂಟ್, ಎಂದೆ.
ಬರೆದುಕೊಂಡಳು.
ಗಿಳಿ ಎಂದು ಹೇಳಲು ಬಾಯಿ ಬರಲಿಲ್ಲ.

ಆ ಸಂಜೆ ಪಂಜರಕ್ಕೆ ಬಟ್ಟೆ ಇಳಿಸುವ ಹೊತ್ತು
ಅದು ತನ್ನ ವರದಿ ಒಪ್ಪಿಸತೊಡಗಿತು:
ನಿನ್ನ ಕೆಮ್ಮು, ಮೀನಿನವನ ಕೂಗು, ಕರೆಗಂಟೆ,
ಕೊನೆಗೆ, ಬಂದರಿನ ಕ್ರೇನಿನದೆಂದು ನಾನು ನಂಬಿದ್ದ ಆ ಸದ್ದು.
ಗರಗಸ. ಗರಗಸ. ಗರಗಸ.
ಆಮೇಲೆ ಏನೂ ಇಲ್ಲ.
ಕೊಕ್ಕು ತೆರೆದೇ ಇತ್ತು. ಕಣ್ಣು ನನ್ನ ಮೇಲೆ.
ಅಳೆಯುವುದು ನನ್ನ ಕಸುಬು, ಎಣಿಸಿದೆ.
ಹದಿನೇಳು, ಹದಿನೆಂಟು...
ಇಪ್ಪತ್ತಮೂರಕ್ಕೆ
ಮುಳುಗಿದವಳು ನೀರಿನಿಂದ ತಲೆಯೆತ್ತಿದ ಹಾಗೆ
ಒಂದು ಉಸಿರು.
ನಡುವಿನ ಮೌನವನ್ನೂ
ಬಾಯಿಪಾಠ ಮಾಡಿತ್ತು ಹಕ್ಕಿ.

ಹಾಗಾದರೆ ನೀನು?
ಇಪ್ಪತ್ತೊಂಬತ್ತು ವರ್ಷ, ನಡುರಾತ್ರಿ
ಭುಜ ಹಿಡಿದು ತಳ್ಳಿ
'ಆ ಕಡೆ ಹೊರಳೇ, ದಾಲ್ವಿನಾ' ಎನ್ನುತ್ತಿದ್ದೆ.
ಮಂಚವೆಲ್ಲ ನಿನಗೇ ಬೇಕೆಂದು ನಾನು
ಬೆಳಗಿನ ಕಾಫಿ ಕುಕ್ಕಿ ಇಡುತ್ತಿದ್ದೆ.
ಎಣಿಸುತ್ತಿದ್ದೆಯಾ ನೀನೂ?
ಎಷ್ಟರವರೆಗೆ ಎಣಿಸಿ ತಳ್ಳುತ್ತಿದ್ದೆ?

ನಮೂನೆ ವಾಪಸು ಕೇಳಿ ಪಡೆದು 'ಹೌದು' ಎಂದು ತಿದ್ದಿದೆ.
ಕಂಡವರ ಹೆಸರಿನ ಜಾಗದಲ್ಲಿ ನಿನ್ನದು ಬರೆದೆ.
ಸಂಬಂಧ: ಗಂಡ. ದೂರವಾಣಿ: ಖಾಲಿ ಬಿಟ್ಟೆ.
ಮೊದಲು ನಿದ್ದೆಯ ಪರೀಕ್ಷೆಯಂತೆ, ಸರತಿ ಉದ್ದವಿದೆ.
ಮೂಗಿಗೆ ಗಾಳಿಯೂದುವ ಮುಖವಾಡ ಕೊಟ್ಟರೂ ಕೊಡಬಹುದು,
ಅದರ ಪಟ್ಟಿ ಕೆನ್ನೆಯ ಮೇಲೆ ಗೆರೆ ಬೀಳಿಸುತ್ತದಂತೆ,
ಗೆರೆ ತೆಗೆಸಲು ಹೋದವಳಿಗೆ!
ಡಬ್ಬಿಯ ದುಡ್ಡು ಮುಟ್ಟಿಲ್ಲ. ಕತ್ತಿನ ಆಸೆ ಬಿಟ್ಟಿಲ್ಲ.

ಅಲ್ಲಿಯವರೆಗೆ ಮಗ್ಗುಲಾಗಿ ಮಲಗಿ ಎಂದಿದ್ದಾಳೆ.
ಹಳೆಯ ನೈಟಿಯ ಬೆನ್ನಿಗೆ ಜೇಬು ಹೊಲಿದು
ಬೀದಿ ಹುಡುಗರು ಕಳೆದುಕೊಂಡ ಟೆನಿಸ್ ಚೆಂಡು ಇಟ್ಟಿದ್ದೇನೆ.
ಅಂಗಾತವಾದರೆ ಒತ್ತುತ್ತದೆ,
ಇಲ್ಲಿ, ಹೆಗಲಮೂಳೆಗಳ ನಡುವೆ,
ಕೊಂಚ ಒರಟಾಗಿ.
ಹೊರಳುತ್ತೇನೆ, ಮಾರಾಯ, ಹೊರಳುತ್ತೇನೆ.