ಒಂಬತ್ತನೇದು ಸಡಿಲ

ಗುರುವಾರ ಎಂಟಕ್ಕೆ, ಹಾಸನದ ಸಾಲಗಾಮೆ ರಸ್ತೆಯ
ರೋಹಿಣಿ ಬಾರಿನ ಮಹಡಿಯಲ್ಲಿ, ಉತ್ತರ ಗೊತ್ತಿರುವವನು ನಾನೊಬ್ಬನೇ.
ಹಗಲು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತೇನೆ.
ಮಿಕ್ಕುಳಿದ ಲಗ್ನಪತ್ರಿಕೆಗಳ ಬೆನ್ನಿಗೆ ಪ್ರಶ್ನೆ ಬರೆದು ತರುತ್ತೇನೆ:
ಆ ಕಡೆ ಗಣಪತಿ, ಸುಮುಹೂರ್ತ, ಭೋಜನದ ವೇಳೆ;
ಈ ಕಡೆ, ಆಕ್ಟೋಪಸ್ಸಿಗೆ ಹೃದಯ ಎಷ್ಟು?

ಮೂರು ಅಂತ ಬರೆದವರು ಮಂಡಿಯವರು. ಸರಿ.
ಎರಡು ಅಂದವರು ಕೋರ್ಟಿನ ಗುಮಾಸ್ತರು,
ತಂಡದ ಹೆಸರು 'ಮೇಲ್ಮನವಿ'.
'ಒಂದೇ ಸಾಕು ಬಿಡ್ರೀ, ಅದೇ ಬೇಕಾದಷ್ಟು ನೋಯ್ತದೆ'
ಅಂದವನು ಡಿಪೋ ತಂಡದ ಸಿಂಗ್ರಿಗೌಡ. ಅಂಕ ಸಿಗಲಿಲ್ಲ.
ಯಾರೋ ಖಾರದ ಕಡಲೆಯ ತಟ್ಟೆಯನ್ನು ಅವನ ಕಡೆ ತಳ್ಳಿದರು.

ಬುರ್ಕಿನಾ ಫಾಸೋದ ರಾಜಧಾನಿ?
'ಔಗಡೂಗು, ಔಗಡೂಗು, ಔಗಡೂಗು,
ಇಳಿಯೋರು ಮುಂದೆ ಬನ್ನಿ!'
ಅದೂ ಅವನೇ. ಮೂವತ್ತು ವರ್ಷ
ಅರಕಲಗೂಡು ರೂಟಿನಲ್ಲಿ ಟಿಕೇಟು ಹರಿದವನು.

ಸೀಸನ್ನಿನ ಕೊನೇ ರಾತ್ರಿ. ಮಂಡಿಗೂ 'ಕಕ್ಷೆ'ಗೂ
ನಲವತ್ತೊಂದು, ನಲವತ್ತೊಂದು.
ಕಕ್ಷೆಯವರು ಉಪಗ್ರಹ ಕೇಂದ್ರದವರು.
ಅವರ ಪೈಕಿ ಧರಣೇಂದ್ರಯ್ಯ ರಾತ್ರಿಪಾಳಿಯಲ್ಲಿ
ಆಕಾಶದಲ್ಲಿ ನಿಂತಂತೆ ಕಾಣುವ ಒಂದನ್ನು
ನಿಂತಂತೆಯೇ ಇರಿಸುವ ಕೆಲಸದವರು.
ಎಷ್ಟು ಎತ್ತರ ಅಂದರೆ ಗ್ಲಾಸು ಕೆಳಗಿಡದೆ ಹೇಳುತ್ತಾರೆ:
ಮೂವತ್ತೈದು ಸಾವಿರದ ಏಳುನೂರ ಎಂಬತ್ತಾರು ಕಿಲೋಮೀಟರು.
ಇತ್ತ ಮುಕ್ತುಂ ಪಾಷಾ, ಆಲೂಗೆಡ್ಡೆ ದಲ್ಲಾಳಿ,
ಗೆಡ್ಡೆ ಕೈಗೆತ್ತಿಕೊಂಡರೆ ಯಾವ ಊರಿನ ಮಣ್ಣೆಂದು ಹೇಳುವವರು,
ಬಾರಿನಲ್ಲಿ ಕೂತು ನಿಂಬೆ ಸೋಡಾ ಕುಡಿಯುವವರು.
ಎಡಗಾಲು ಮಡಚುವುದಿಲ್ಲ.
ಮಂಡಿಯವನಿಗೆ ಮಂಡಿನೋವು ಎಂಬ ಜೋಕನ್ನು
ಬೇರೆಯವರಿಗೆ ಬಿಡದೆ ತಾವೇ ಹೇಳಿ ಮುಗಿಸುತ್ತಾರೆ.

ನನ್ನ ಜೇಬಿನ ಮದುವೆಗಳೆಲ್ಲ ಮುಗಿದಿದ್ದವು.
ಅಷ್ಟರಲ್ಲಿ ಕರೆಂಟು ಹೋಯಿತು.
ಕತ್ತಲಲ್ಲಿ ಬಾಯಿಗೆ ಬಂದದ್ದು ಕೇಳಿಬಿಟ್ಟೆ:
ಬಾಗಿಲಿನಿಂದ ಇಲ್ಲಿಗೆ ಮೆಟ್ಟಿಲೆಷ್ಟು?

ಐದು ವರ್ಷ ಹತ್ತಿ ಇಳಿದವರು ಸುಮ್ಮನಾದರು.
ಧರಣೇಂದ್ರಯ್ಯ ಗ್ಲಾಸು ಕೆಳಗಿಟ್ಟ ಸದ್ದು.
'ಇಪ್ಪತ್ತು... ಇರಬಹುದು.'
ಪಾಷಾ ಸಾಹೇಬರು ಯೋಚಿಸಲೂ ಇಲ್ಲ.
'ಹದಿನೇಳು. ಒಂಬತ್ತನೇದು ಸಡಿಲ.'

ಉತ್ತರ ನನಗೂ ಗೊತ್ತಿರಲಿಲ್ಲ.
ಹಾಗಂತ ಹೇಳುವ ಹಾಗೂ ಇರಲಿಲ್ಲ.
ಮೊಬೈಲು ಬೆಳಕು ಹಿಡಿದು ಎಲ್ಲರೂ ಇಳಿದೆವು,
ಒಬ್ಬರ ಎಣಿಕೆಯನ್ನು ಇನ್ನೊಬ್ಬರ ಎಣಿಕೆ ತುಳಿಯುತ್ತ.
ನನಗೆ ಹದಿನೆಂಟು. ಡಿಪೋಗೆ ಹದಿನಾರು.
ಮೇಲ್ಮನವಿಯವರು ಆಗಲೇ ಶುರುಮಾಡಿದ್ದರು:
ತಿರುವಿನ ಚಪ್ಪಡಿ ಮೆಟ್ಟಿಲೋ ಅಲ್ಲವೋ, ಹೊಸ್ತಿಲು ಯಾರ ಲೆಕ್ಕಕ್ಕೆ?
ಒಂದು ಕಲ್ಲು ಮಾತ್ರ ಎಲ್ಲರ ಪಾದದಡಿಯೂ
ಒಂದು ಚೂರು ವಾಲಿ, ಹ್ಞೂಂ ಅಂದಿತು.

ಧರಣೇಂದ್ರಯ್ಯ ಒಬ್ಬರೇ ಇನ್ನೊಮ್ಮೆ ಹತ್ತಿದರು,
ಇನ್ನೊಮ್ಮೆ ಇಳಿದರು, ಆ ಕಲ್ಲಿನವರೆಗೆ ಮಾತ್ರ ಎಣಿಸಿ.
'ಕೆಳಗಿಂದ ಹೋದರೂ ಅದು ಒಂಬತ್ತನೇದು,
ಮೇಲಿಂದ ಬಂದರೂ ಒಂಬತ್ತನೇದು.
ಹದಿನೇಳೇ ಕಣ್ರೀ,' ಎಂದು
ತಮ್ಮ ಸೋಲನ್ನು ತಾವೇ ಲೆಕ್ಕ ಹಾಕಿ ಕೈಗೆ ಕೊಟ್ಟರು.

ಬಹುಮಾನ ಪ್ರತಿವರ್ಷದಂತೆ ಸ್ಟೀಲಿನ ಕಾಫಿ ಫಿಲ್ಟರು.
ಪಾಷಾ ಸಾಹೇಬರು ಚಹಾದವರು.
ಅದನ್ನು ಕಂಕುಳಲ್ಲಿಟ್ಟುಕೊಂಡು, ಗೋಡೆ ಹಿಡಿದು,
ತುಟಿ ಅಲ್ಲಾಡಿಸುತ್ತ ಹೊರಟರು.
ಆಗ ಹೊಳೆಯಿತು: ಅವರು ಎಣಿಸುತ್ತಿದ್ದದ್ದು ಸ್ಪರ್ಧೆಗಲ್ಲ.

ಮುಂದಿನ ಗುರುವಾರ ಲೀಗು ಇರಲಿಲ್ಲ. ಆದರೂ ಹೋದೆ.
ಅಲ್ಲಾಡುವ ಕಲ್ಲಿನ ಕೆಳಗೆ ಯಾರೋ ಸಿಮೆಂಟು ತುಂಬಿದ್ದರು,
ಮಟ್ಟ ಹಿಡಿದು ನೋಡಿ ಹಾಕಿದ ಹಾಗಿತ್ತು.
ಮೇಲೆ ಒದ್ದೆ ಗೋಣಿ.
ಯಾರು ಅಂತ ಮಾಲೀಕನನ್ನು ಕೇಳಿದೆ, ಗೊತ್ತಿಲ್ಲವಂತೆ.
ಎಂಟರಿಂದ ಸೀದಾ ಹತ್ತಕ್ಕೆ ಕಾಲಿಟ್ಟೆ.