ಅಂಚಿನಲ್ಲಿ ಜಯಶೀಲಾ

ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ನಲವತ್ತು ರೂಪಾಯಿ.
ರಟ್ಟು ಕಿತ್ತಿದೆ, ಬೆನ್ನಿನ ಗೋಂದಿಗೆ ಜಿರಲೆ ಬಾಯಿ ಹಾಕಿದೆ.
ಮೊದಲ ಪುಟದಲ್ಲಿ ನೀಲಿ ಶಾಯಿ:
ಆರ್. ಜಯಶೀಲಾ, ದ್ವಿತೀಯ ಬಿ.ಎ., ೧೯೯೪.
ಕೆಳಗೆ ಇನ್ನೊಂದು ಹೆಸರಿತ್ತು. ಬ್ಲೇಡಿನಲ್ಲಿ ಕೆರೆದಿದ್ದಾಳೆ.
ಅಲ್ಲಿ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು,
ಟ್ಯೂಬ್‌ಲೈಟಿಗೆ ಹಿಡಿದರೆ
ಒಂದು ಒತ್ತಕ್ಷರ ಮಾತ್ರ ಕಾಣುತ್ತದೆ.

ನಾಟಕ ಹಳೆಯದು.
ಗಂಟೆ ಬಾರಿಸುವವನ ಮಗಳು, ಹೊಳೆಯಾಚೆಯ ಕಾವಲುಗಾರರ ಹುಡುಗ.
ಮೂರು ಬಡಿದರೆ ದೋಣಿ ಹತ್ತು,
ನಾಲ್ಕು ಬಡಿದರೆ ನಾನಿಲ್ಲ ಎಂದು ತಿಳಿ.
ಮುದುಕ ಅಪ್ಪನಿಗೆ ಕಿವಿ ಮಂದ, ಎಣಿಕೆ ತಪ್ಪುತ್ತದೆ.
ಉಳಿದದ್ದನ್ನು ಊಹಿಸಬಹುದು;
ಊಹಿಸಬಹುದೆಂಬುದೇ ಕಷ್ಟ.

ಚಾಮರಾಜಪೇಟೆ, ಸಂಜೆ ಕಾಲೇಜು, ಆರೂಕಾಲು.
ಪದ್ಮಾಕ್ಷಿ ಮೇಡಂ ಬೋರ್ಡಿನಲ್ಲಿ ಬರೆಯುತ್ತಾರೆ:
ಮುನ್ಸೂಚನೆ, ವಿರೋಧಾಭಾಸ, ಸ್ವಗತ, ನಾಟಕೀಯ ವ್ಯಂಗ್ಯ.
ನಾಟಕಕ್ಕೆ ಅಂಕ ಐದು, ಪ್ರಶ್ನೆಗೆ ಅಂಕ ಹತ್ತು,
ನಮಗೆ ಬೇಕಾದದ್ದು ಎರಡನೆಯದು.
‘ದುರಂತ ದೋಷ ಅಂದರೆ? ಯಾರಾದರೂ ಹೇಳಿ.’
ಮೂವತ್ತೆಂಟು ವರ್ಷದವಳು ಕೈ ಎತ್ತುವುದು ಹೇಗೆ.
ಆದರೆ ದೋಷವೇ ನನ್ನ ಕೆಲಸ, ಮೇಡಂ.
ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ
ಗಂಟೆಗೆ ಎಪ್ಪತ್ತು ಅಂಗಿ ಒಳಹೊರಗೆ ತಿರುಗಿಸಿ
ಹೊಲಿಗೆ ಜಾರಿದಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುತ್ತೇನೆ.
ಅಂಗಿಗೆ ಗೊತ್ತಿರುವುದಿಲ್ಲ.
ಹೊಲಿದವಳಿಗೆ ಗೊತ್ತಿರುತ್ತದೆ, ಬಾಬಿನ್ ಹುಡುಕುವಂತೆ ಬಗ್ಗುತ್ತಾಳೆ.
ಇದನ್ನೆಲ್ಲ ಹೇಳಲಿಲ್ಲ.
‘ನಾಯಕನ ಪತನಕ್ಕೆ ಕಾರಣವಾಗುವ ಗುಣ’ ಎಂದು ಬರೆದುಕೊಂಡೆ.

ಪೆನ್ಸಿಲ್ ಹಿಡಿದ ಜಯಶೀಲಾ ನನಗಿಂತ ಮುಂದಿದ್ದಾಳೆ.
ಮುನ್ಸೂಚನೆ ಎಂಬಲ್ಲಿ ಅಂಚಿನಲ್ಲಿ ಅವಳ ಉದಾಹರಣೆ:
ಅವನ ಅಕ್ಕ ನನ್ನ ಚಪ್ಪಲಿ ನೋಡಿದ ರೀತಿ.
ವಿರೋಧಾಭಾಸ: ಮೆಜೆಸ್ಟಿಕ್ಕಿನಲ್ಲಿ ಏಕಾಂತ.
ಜನಾಂತಿಕ: ಅಮ್ಮ ಪಕ್ಕದಲ್ಲೇ ಇದ್ದಳು, ರಾಂಗ್ ನಂಬರ್ ಅಂದೆ.
ಸ್ವಗತದ ಎದುರು ಅಕ್ಷರವಿಲ್ಲ,
ಮೊನೆ ಊರಿ ಊರಿ ಆದ ಒಂದು ತೂತು.
ಅದರಲ್ಲಿ ಕಣ್ಣಿಟ್ಟರೆ ಮುಂದಿನ ಪುಟದ ‘ಅಯ್ಯೋ’ ಕಾಣುತ್ತದೆ.

ನಾಟಕೀಯ ವ್ಯಂಗ್ಯ:
ನೋಡುವವರಿಗೆ ಗೊತ್ತು, ಆಡುವವರಿಗೆ ಗೊತ್ತಿಲ್ಲ.
ಅದರ ಪಕ್ಕ ಅವಳು ಬರೆದದ್ದು,
ದೀಪಾವಳಿ ಆದ ಮೇಲೆ ಮನೆಯಲ್ಲಿ ಹೇಳ್ತಾನಂತೆ.
ಅರವತ್ತೊಂದನೇ ಪುಟದಲ್ಲಿ ಆಕೆ ಹೀಗೆ ನಗುತ್ತಿರುವಾಗ
ಮೊದಲ ಪುಟದ ಬ್ಲೇಡು ನನಗೆ ಗೊತ್ತು.
ನಾಯಂಡಹಳ್ಳಿ ಬಸ್ಸಿನಲ್ಲಿ ನಿಂತಿದ್ದೆ,
‘ಬೇಡ ಕಣೇ’ ಅಂದುಬಿಟ್ಟೆ, ಜೋರಾಗಿ.
ಪಕ್ಕದ ಸೀಟಿನ ಹೆಂಗಸು
ಬ್ಯಾಗನ್ನು ಮಡಿಲಿಗೆಳೆದುಕೊಂಡಳು.

ಐದನೇ ಅಂಕದಲ್ಲಿ ಗೀಟಿಲ್ಲ, ಚುಕ್ಕೆಯಿಲ್ಲ,
ಎರಡು ಹಾಳೆ ಬಿಡಿಸದೆ ಅಂಟಿಕೊಂಡೇ ಇವೆ.
ಏನಾಯಿತೇ ಜಯಶೀಲಾ?
‘ಐದನೇ ಅಂಕದಿಂದ ಪ್ರಶ್ನೆ ಬರಲ್ಲ, ಬಿಡಿ’
ಎನ್ನುತ್ತಾರೆ ಮೇಡಂ, ಡಸ್ಟರ್ ಕೊಡವುತ್ತ.
ಅವತ್ತೂ ಯಾರೋ ಹಾಗೆಂದಿರಬಹುದು. ಅಷ್ಟೇ ಇರಬಹುದು.
ಕೊನೆಯ ರಟ್ಟಿನೊಳಗೆ ಅವಳದೇ ಪೆನ್ಸಿಲ್:
ಚಿರೋಟಿ ರವೆ ಅರ್ಧ ಕೆ.ಜಿ., ಸೀಗೆಪುಡಿ,
ಹಾಲ್ ಟಿಕೆಟಿಗೆ ಫೋಟೊ ಮೂರು.
ಸೀಗೆಪುಡಿ ಬೇಕಾದವಳು ಬದುಕಿರುತ್ತಾಳೆ.

ನಿನ್ನೆ ಊಟದ ಹೊತ್ತಿಗೆ, ಕಟಿಂಗ್ ಟೇಬಲಿನ ಕೆಳಗೆ ಕೂತು
ಅಂಟಿದ ಹಾಳೆಗಳನ್ನು ಟ್ರಿಮ್ಮರಿನಿಂದ ಬಿಡಿಸಿದೆ.
ಮುದುಕ ಹಗ್ಗ ಹಿಡಿದಿದ್ದಾನೆ. ಒಂದು, ಎರಡು, ಮೂರು.
ಇನ್ನೂ ಬಿಟ್ಟಿಲ್ಲ.
ಕೆಂಪು ಬಾಣವೊಂದನ್ನು ಕಿತ್ತು ಆ ಸಾಲಿಗೆ ತಂದೆ.
ಅಪ್ಪನ ಕಿವಿಗೋ, ಹುಡುಗನ ಅವಸರಕ್ಕೋ,
ಮೂರಕ್ಕೂ ನಾಲ್ಕಕ್ಕೂ ಜೀವ ಕಟ್ಟಿದ ಆ ಮಾತಿಗೋ?
ಬಾಣ ಎತ್ತ ತಿರುಗಿಸಲೆಂದು ನೋಡುತ್ತಿರುವಾಗಲೇ
ಬೆಲ್ ಆಯಿತು,
ಸ್ಟಿಕ್ಕರ್ ನನ್ನ ಹೆಬ್ಬೆರಳಿಗೇ ಅಂಟಿಕೊಂಡಿತು.