ಐದಂಕಿಯ ಕಲ್ಲು

ಅರಸೀಕೆರೆ. ಕಾಲೇಜಿನ ತಾರಸಿ. ಮಾಘದ ಚಳಿ.
ದೂರದರ್ಶಕಕ್ಕೆ ಕಂಬಳಿ ಹೊದಿಸಿದ್ದೇವೆ,
ನಮಗೆ ಬರೀ ಮಫ್ಲರು.

ಪರದೆಯಲ್ಲಿ ಒಂದು ಚುಕ್ಕಿ.
ಸುತ್ತಲಿನವಕ್ಕಿಂತ ದೊಡ್ಡದಲ್ಲ, ಸಣ್ಣದೂ ಅಲ್ಲ;
ನಿನ್ನೆ ಇಲ್ಲಿರಲಿಲ್ಲ ಎಂಬುದೊಂದೇ ಗುರುತು.
ಹೆಸರಿಲ್ಲ. ಐದಂಕಿಯ ನಂಬರು,
ಹಮಾಲಿಯ ತೋಳಿನ ಬಿಲ್ಲೆಯ ಹಾಗೆ.

“ಓಂಕಾರಪ್ಪ, ಇದರ ಮೈ ಹೇಗಿದೆ ನೋಡೋಣ”
ಅಂದರು ಮೆಹರುನ್ನೀಸಾ ಮೇಡಂ.
ಮೈಯೇ ಕಾಣದ್ದರ ಮೈ!

ನಮ್ಮಪ್ಪ ಕೊಬ್ಬರಿ ಮಂಡಿಯಲ್ಲಿದ್ದ.
ಒಡೆಯದೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ
ಗಿಟಕು ಬಿಟ್ಟಿದೆಯೋ, ಒಳಗಿನ್ನೂ ನೀರಿದೆಯೋ,
ಅಟ್ಟದ ಮೇಲೆ ಇನ್ನೆಷ್ಟು ತಿಂಗಳೋ ಹೇಳುತ್ತಿದ್ದ.
ಇದಕ್ಕೆ ಕೈ ನಿಲುಕದು.
ಅದೇ ತಿರುಗುತ್ತದೆ, ನಾವು ಕಾಯಬೇಕು.

ಆರೂಕಾಲು ಗಂಟೆಗೊಂದು ಸುತ್ತು.
ಉದ್ದನೆಯ ಮಗ್ಗುಲು ಬಂದರೆ ಬೆಳಕು ಏರು,
ಮೊನೆ ಬಂದರೆ ಇಳಿ,
ಮತ್ತೆ ಮಗ್ಗುಲು, ಮತ್ತೆ ಮೊನೆ,
ಕೆಂಡದಲ್ಲಿ ಯಾರೋ ಗೆಣಸು ಹೊರಳಿಸಿದಂತೆ.

ನೀಲಿ ಗಾಜು ತೆಗೆದು ಕೆಂಪು ಗಾಜು ಹಾಕುತ್ತೇನೆ.
ಕೆಂಪಿನಲ್ಲಿ ತುಸು ಹೆಚ್ಚು.
ಕಬ್ಬಿಣ ಇರಬಹುದು. ಬಿಸಿಲಿಗೆ ಹಳತಾಗಿರಬಹುದು.
‘ಇರಬಹುದು’ ಎಂಬುದನ್ನು ಮೇಡಂ
ಯಾವಾಗಲೂ ಪೆನ್ಸಿಲಿನಲ್ಲೇ ಬರೆಯುತ್ತಾರೆ.

ಎರಡೂ ಹತ್ತಕ್ಕೆ ಹುಬ್ಬಳ್ಳಿ ಕಡೆಯ ಗೂಡ್ಸು.
ಜಂಕ್ಷನ್ನಿನಲ್ಲಿ ಅದು ಹಳಿ ಬದಲಿಸುವಾಗ
ತಾರಸಿ ನಡುಗುತ್ತದೆ,
ಎಳ್ಳಿನಂಥ ಚುಕ್ಕಿ ಜೀರಿಗೆಯಾಗುತ್ತದೆ.
ಆ ಹನ್ನೊಂದು ಚಿತ್ರ ಕೈಬಿಟ್ಟೆವು.

ಏಳನೆಯ ರಾತ್ರಿ ಅದು ಸೂರ್ಯನಿಗೆ ನೇರ ಎದುರು.
ಸೂರ್ಯ ನಮ್ಮ ಕಾಲಡಿ, ನೆಲದ ಆ ಬದಿಗೆ.
ಚುಕ್ಕಿ ಲೆಕ್ಕ ಮೀರಿ ಬೆಳಗಿತು.
ಮೇಡಂ ಎದ್ದ ರಭಸಕ್ಕೆ ಟೀ ಚೆಲ್ಲಿತು.
ಯಾಕೆ ಅಂದೆ.
“ಬೆಳಿಗ್ಗೆ ತೋರಿಸ್ತೀನಿ.”

ಬೆಳಿಗ್ಗೆ, ಕಾಲೇಜಿನ ಹಿಂದಿನ ಉತ್ತ ಹೊಲ.
ಎಳೆ ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿದರು.
“ನಿನ್ನ ನೆರಳಿನ ತಲೆ ನೋಡು.”
ತಲೆಯ ಸುತ್ತ ಮಣ್ಣು ತುಸು ಬೆಳ್ಳಗಿತ್ತು.
ನಲವತ್ತೊಂದು ವರ್ಷ ಈ ನೆರಳು ಹೊತ್ತು ತಿರುಗಿದ್ದೇನೆ,
ನೋಡಿರಲಿಲ್ಲ.
ಅಲ್ಲಿ ಒಂದೊಂದು ಹೆಂಟೆಯೂ ತನ್ನ ನೆರಳನ್ನು
ತನ್ನ ಬೆನ್ನಿಗೇ ಬಚ್ಚಿಟ್ಟುಕೊಂಡು ನಿಂತಿತ್ತು.
“ನುಣ್ಣನೆ ಬಂಡೆ ಹೀಗೆ ಮಾಡಲ್ಲ.
ಅಲ್ಲಿ ಪುಡಿ ಇದೆ ಓಂಕಾರಪ್ಪ, ಸಡಿಲ ಮಣ್ಣು.”
ಒಂದು ಗಳಿಗೆ ಸುಮ್ಮನಿದ್ದು, “ಇರಬಹುದು” ಅಂದರು.

ಸಡಿಲ ಮಣ್ಣು!
ನೇಗಿಲು ಕಾಣದ, ಇರುವೆ ಕಾಣದ,
ಒಂದು ಹನಿ ಇಬ್ಬನಿಗೂ ಗೊತ್ತಿಲ್ಲದ ಮಣ್ಣು.
ಬಗ್ಗಿ ಒಂದು ಹೆಂಟೆ ತೆಗೆದುಕೊಂಡೆ.
ಹಿಚುಕಿದೆ. ಪುಡಿಯಾಯಿತು.
ಸಂಜೆಯವರೆಗೂ ಕೈ ತೊಳೆಯಲಿಲ್ಲ,
ಮನೆಯಲ್ಲಿ ಬೈಸಿಕೊಂಡೆ.

ಗ್ರಾಫು ಈಗ ಲ್ಯಾಬಿನ ಗೋಡೆಯಲ್ಲಿದೆ.
ಎರಡು ದಿಬ್ಬ, ಎರಡು ತಗ್ಗು.
ಎರಡನೆಯ ದಿಬ್ಬದ ನೆತ್ತಿಯಲ್ಲಿ ಒಂದಿಷ್ಟು ಖಾಲಿ.
ಹುಡುಗರು ಬೆರಳಿಟ್ಟು ಕೇಳುತ್ತಾರೆ:
“ಅಣ್ಣಾ, ಇಲ್ಲೊಂದು ಗುಂಡಿ ಇದೆಯಾ?”
ಇಲ್ಲಪ್ಪ,
ಅಲ್ಲಿ ಗೂಡ್ಸು ಹೋಯಿತು.